ಎರಡನೆಯ ಆಳು

ವಿಜಾಪುರದ ಕಡೆಯ ಹಳ್ಳಿಗಳ ಜನ ಕಾಗೆಗೆ ಅಂಜುವಷ್ಟು ಪೋಲೀಸರಿಗೂ ಅಂಜುವುದಿಲ್ಲ. ಹಾಲವ್ವನಿಗೆ ಮಾತ್ರ ಎರಡರ ಅಂಜಿಕೆಯೂ ಸಮಸಮ ಇತ್ತು. ಆ ಎರಡೂ ಒಂದೇ ಸಂಜೆ ಒಂದೇ ಬಾಗಿಲಿಗೆ ಬಂದು ನಿಂತದ್ದರಿಂದ ಆಕೆಯ ಬಾಳು ಕೆಟ್ಟಿತು.

ಕಾಗೆಯ ವಿಷಯ ಮೊದಲು ಹೇಳಿಬಿಡಬೇಕು. ಹಾರುವ ಕಾಗೆ ಮನುಷ್ಯನ ತಲೆಗೆ ಬಡಿದರೆ ಅವನ ಸಾವು ಹತ್ತಿರವಾಯಿತೆಂದು ಆ ಕಡೆಯವರ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಅವನು ಸತ್ತನೆಂದು ಹತ್ತಿರದ ನೆಂಟರಿಗೆ ಒಬ್ಬ ಆಳಿನ ಕೈಲಿ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದು ನಂಬಿ ಎದೆ ಬಡಿದುಕೊಂಡು ಅಳಬೇಕು. ನಿಜವಾದ ಕಣ್ಣೀರು ಬಿದ್ದರೆ ಸಾವು ತನ್ನ ಪಾಲು ಸಂದಿತೆಂದು ಹಿಂದಿರುಗುತ್ತದೆ. ಆದರೆ ಮೊದಲ ಆಳಿನ ಬೆನ್ನಿಗೇ ಎರಡನೆಯ ಆಳು ಹೊರಡಬೇಕು. ಅಳುವವರ ಮುಂದೆ ಹೋಗಿ, ‘ಅಳಬ್ಯಾಡ್ರಿ, ಕಾಗಿ ಮುಟ್ಟಿತ್ತು, ಮನುಷ್ಯಾ ಕಲ್ಲಿನಂಗ ಗಟ್ಟಿ ಅದಾನ’ ಎಂದು ಹೇಳಬೇಕು. ಎರಡನೆಯ ಆಳು ಹೋಗದಿದ್ದರೆ ಏನಾಗುತ್ತದೆಂದು ಯಾರೂ ಹೇಳಿಟ್ಟಿಲ್ಲ. ಹೋಗದೆ ಇದ್ದದ್ದೇ ಇಲ್ಲವಲ್ಲ!

ಹಾಲವ್ವನ ತಮ್ಮ ಬಂಡೆಪ್ಪ ಸಣ್ಣವನಿದ್ದಾಗ ಕಣದಲ್ಲಿ ಕೂತು ಸಜ್ಜೆಯ ರೊಟ್ಟಿ ತಿನ್ನುತ್ತಿದ್ದ. ಕಾಗೆಯೊಂದು ರೊಟ್ಟಿಗೆ ಎರಗಿ ತಲೆಗೆ ಬಡಿಯಿತು. ತಾಯಿ ಕಾಶವ್ವ ಬಾಯಿ ಬಡಿದುಕೊಂಡು ಪಕ್ಕದ ಊರಿನ ತನ್ನ ಅಣ್ಣ ಶಂಕ್ರೆಪ್ಪನಿಗೆ ಸುದ್ದಿ ಕಳಿಸಿದಳು. ಶಂಕ್ರೆಪ್ಪ ಹೊಲದಿಂದ ಹಾಗೆಯೇ ಎದ್ದು ಹಳ್ಳ ದಾಟುವವರೆಗೂ ಅಳುತ್ತಾ ಬಂದನಂತೆ. ಹಳ್ಳದ ದಂಡೆಯಲ್ಲಿ ಎರಡನೆಯ ಆಳು ಎದುರಾದ. ಅಳು ಬೈಗುಳಕ್ಕೆ ತಿರುಗಿತು. ಮನೆಗೆ ಬಂದವನೇ ಸೋದರಳಿಯನಿಗೆ ಒಂದು ಏಟು ಕೊಟ್ಟು, ಎತ್ತಿ ಅಪ್ಪಿಕೊಂಡು, ಹೋಳಿಗೆ ಉಂಡು ಹೋದ. ಮುಂದೆ ಬಂಡೆಪ್ಪ ದೊಡ್ಡವನಾದ ಮೇಲೂ, ‘ನನಗ ಯಾರ ಅಂಜಿಕಿ? ನಾ ಒಮ್ಮೆ ಸತ್ತು ಬಂದಾಂವ’ ಎಂದು ಅಕ್ಕನನ್ನು ನಗಿಸುತ್ತಿದ್ದ.

ಕಾಶವ್ವ ತೀರಿಕೊಂಡ ಮೇಲೆ ತಮ್ಮನಿಗೆ ಅಕ್ಕನೇ ತಾಯಿ. ಹಾಲವ್ವ ಗಂಡನ ಬೆನ್ನು ಹತ್ತಿ ಮುಂಬಯಿಗೆ ಬಂದವಳು. ಕಟ್ಟಡದ ಕೆಲಸದಲ್ಲಿ ಗಂಡ ಬಿದ್ದು ಸತ್ತಾಗ ಊರಿಗೆ ಮರಳಲಿಲ್ಲ. ಸಯನ್ನಿನ ಒಂದು ಚಾಳಿನ ಕೆಳಗಿನ ಖೋಲಿಯಲ್ಲಿ ಖಾನಾವಳಿ ತೆರೆದಳು. ಅದೇ ಕಡೆಯ ಕೂಲಿಗಳು, ಮನೆ ಕಟ್ಟುವ ಗೌಂಡಿಗಳು, ವಾಚಮನ್ನರು ಅಲ್ಲಿಗೆ ಬಂದು ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ ಉಂಡು, ಊರಿನ ಮಾತಾಡಿ ಹೋಗುತ್ತಿದ್ದರು. ಹಾಲವ್ವನ ಬಾಯಿ ಜೋರು, ಕೈ ಧಾರಾಳ. ಉಣ್ಣುವವನು ಸಾಕೆಂದರೂ ಇನ್ನೊಂದು ರೊಟ್ಟಿ ತಟ್ಟೆಗೆ ಬಿದ್ದಿರುತ್ತಿತ್ತು. ತಮ್ಮನನ್ನೂ ಕರೆಸಿ ಲಾರಿ ಹೊಡೆಯಲು ಕಲಿಯಹಚ್ಚಿ, ಕಸ್ತೂರಿಬಾಯಿ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದಳು. ಕಸ್ತೂರಿ ರೊಟ್ಟಿ ಬಡಿಯಲು ಕೂತರೆ ಆಕೆಯ ಹಸಿರು ಬಳೆಗಳ ಸದ್ದು ರೊಟ್ಟಿಯ ಸದ್ದಿನ ಜೊತೆಗೇ ಕೇಳುತ್ತಿತ್ತು. ಆ ಹುಡುಗಿಗೆ ಒಂದೇ ಕೊರತೆ, ಹೊಟ್ಟೆಯಲ್ಲಿದ್ದದ್ದೆಲ್ಲ ಮುಖದ ಮೇಲೇ ಇರುತ್ತಿತ್ತು. ಸುಳ್ಳು ಹೇಳಲು ಹೋದರೆ ಮೊದಲೇ ನಕ್ಕುಬಿಡುವಳು.

ಅರವತ್ತೆಂಟನೆಯ ಇಸವಿಯಲ್ಲಿ ಬಂಡೆಪ್ಪ ಹಡಗು ಹತ್ತಿದ. ಹತ್ತಿಸಿದವನು ಯಾಕೂಬ, ವಿಜಾಪುರದವನೇ, ಮುಂಬಯಿಯಿಂದ ಅರಬರ ಬಂದರುಗಳಿಗೆ ಹೋಗಿಬರುವ ಹಡಗಿನಲ್ಲಿ ಅಡುಗೆಯ ಕೆಲಸದವನು. ಮಸ್ಕತ್ತಿನಲ್ಲಿ ಲಾರಿ ಹೊಡೆಯುವವರು ಬೇಕಾಗಿದ್ದಾರೆ ಎಂದು ಅವನೇ ಸುದ್ದಿ ತಂದಿದ್ದ. ಅಕ್ಕನಿಗೂ ತಮ್ಮನಿಗೂ ಓದು ಬರಹ ಬಾರದು. ಹಾಗಾಗಿ ಅವರ ಕಾಗದ ಪತ್ರವೆಲ್ಲ ಯಾಕೂಬನ ಬಾಯಿಯೇ. ಹಡಗು ಬಂದಾಗ ಖಾನಾವಳಿಗೆ ಬಂದು, ಎರಡು ರೊಟ್ಟಿ ಮುಗಿಸಿ, ಆಮೇಲೆ ಬಾಯಿ ಬಿಡುವನು. ಕಸ್ತೂರಿ ಬಾಗಿಲ ಮರೆಯಲ್ಲಿ ನಿಂತು ಕೇಳುವಳು.

ಒಂದು ಸಲ ಯಾಕೂಬ ಮಾತಿನ ಜೊತೆಗೆ ಒಂದು ಫೋಟೊ ತಂದ. ಬಂಡೆಪ್ಪ ಖಾಕಿ ಉಡುಪಿನಲ್ಲಿ, ಕೈಯಲ್ಲಿ ಬಂದೂಕು ಹಿಡಿದು, ಬೋಳು ಗುಡ್ಡದ ಮುಂದೆ ನಿಂತಿದ್ದ.

“ಅಕ್ಕಾ, ಬಂಡೂ ಭಾಯಿ ಈಗ ಸುಲ್ತಾನನ ಫೌಜಿನ್ಯಾಗ ಅದಾನ. ಗುಡ್ಡದಾಗಿನ ಮಂದಿ ಸುಲ್ತಾನನ ಮ್ಯಾಲ ತಿರುಗಿ ಬಿದ್ದಾರ. ಅವರ ಕೂಡ ಲಢಾಯಿ ನಡದೈತಿ,” ಎಂದ ಯಾಕೂಬ.

ಹಾಲವ್ವನಿಗೆ ಲಢಾಯಿಗಿಂತ ಉಡುಪು ಕಂಡಿತು. ಫೋಟೊಕ್ಕೆ ಕಟ್ಟು ಹಾಕಿಸಿ ಖಾನಾವಳಿಯ ಗೋಡೆಗೆ, ಬಾಗಿಲಿನಿಂದ ನೇರ ಕಾಣುವಂತೆ ತೂಗುಹಾಕಿದಳು. ಉಣ್ಣಲು ಬಂದವರಿಗೆಲ್ಲ, “ನಮ್ಮ ಬಂಡೂ ನೋಡ್ರಿ, ಫೌಜದಾರನಂಗ ಕಾಣ್ತಾನ,” ಎಂದು ಹೇಳಿದ್ದೇ ಹೇಳಿದ್ದು.

ಎಪ್ಪತ್ತೊಂದರ ದೀಪಾವಳಿ ಕಳೆದ ಮೇಲೆ ಯಾಕೂಬ ಹೊಸ ಮಾತು ತಂದ. ಸಂಕ್ರಾಂತಿ ಕಳೆಯುತ್ತಲೇ ಬಂಡೆಪ್ಪ ಬರುತ್ತಾನೆ, ಇನ್ನು ಹೋಗುವುದಿಲ್ಲ. ಕಸ್ತೂರಿ ಆ ದಿನ ರೊಟ್ಟಿಯನ್ನು ಎಷ್ಟು ತೆಳ್ಳಗೆ ಬಡಿದಳೆಂದರೆ ಗೌಂಡಿಗಳು ‘ಇದು ರೊಟ್ಟಿಯೋ ಹಪ್ಪಳವೋ’ ಎಂದು ಕೇಳಿದರು. ಆಕೆ ತಲೆ ತಗ್ಗಿಸಿ ನಕ್ಕಳು.

ಡಿಸೆಂಬರಿನಲ್ಲಿ ಯುದ್ಧ ಬಂತು. ಮುಂಬಯಿಗೆ ಮುಂಬಯಿಯೇ ಕತ್ತಲಾಯಿತು. ಕಿಟಕಿಗಳಿಗೆ ಕಪ್ಪು ಕಾಗದ, ಬೀದಿ ದೀಪಕ್ಕೆ ಮುಸುಕು, ಹೊತ್ತಲ್ಲದ ಹೊತ್ತಿನಲ್ಲಿ ಕೂಗುವ ಎಚ್ಚರಿಕೆಯ ಭೋಂಗಾ. ಜನ ಒಬ್ಬರನ್ನೊಬ್ಬರು ಹೊಸದಾಗಿ ನೋಡತೊಡಗಿದರು. ಪಕ್ಕದ ಬಿಲ್ಡಿಂಗಿನಲ್ಲಿ ರೇಡಿಯೊ ರಿಪೇರಿ ಮಾಡುವ ಅಣ್ಣು ಎಂಬವನನ್ನು ಯಾರೋ ‘ಪರದೇಶದ ಸ್ಟೇಶನ್ ಕೇಳುತ್ತಾನೆ’ ಎಂದು ಪೋಲೀಸರಿಗೆ ಹಿಡಿದುಕೊಟ್ಟರು. ಪೋಲೀಸರು ಅವನನ್ನು ಕರೆದುಕೊಂಡು ಹೋಗಿ ದಿನವಿಡೀ ಕೂಡಿಸಿ ಬಿಟ್ಟರು.

ಇಂಥ ಹೊತ್ತಿನಲ್ಲಿ ಮುರಿಗೆಪ್ಪನ ಬಾಯಿಗೆ ಬೆಲೆ ಬಂತು. ಈ ಮುರಿಗೆಪ್ಪ ಮುಂಬಯಿಯ ಕೋಟೆ ಎಂಬ ಭಾಗದಲ್ಲಿ ಯಾವನೋ ವಕೀಲನ ಕಚೇರಿಯಲ್ಲಿ ಫೈಲು ಹೊರುವವನು. ಫೈಲು ಹೊತ್ತವನಿಗೆ ಕಾನೂನು ತಿಳಿಯುವುದಾದರೆ ಗ್ರಂಥ ಹೊತ್ತ ಕತ್ತೆಗೆ ಶಾಸ್ತ್ರ ತಿಳಿಯಬೇಕಿತ್ತು. ಆದರೆ ಖಾನಾವಳಿಯ ಜನಕ್ಕೆ ಅವನೇ ಹೈಕೋರ್ಟು. ಅವನು ರೊಟ್ಟಿ ಮುರಿಯುತ್ತ ಗೋಡೆಯ ಫೋಟೊ ನೋಡಿ ಹೇಳಿದ, “ಹಾಲಕ್ಕಾ, ಇದನ್ನ ಇಳಸು. ನಮ್ಮ ದೇಶದ ಮನುಷ್ಯಾ ಬ್ಯಾರೆ ರಾಜನ ಫೌಜು ಸೇರಿ ಬಂದೂಕ ಹಿಡದ್ರ ಅದಕ್ಕ ದೇಶದ್ರೋಹ ಅಂತಾರ. ಸೀದಾ ಫಾಶಿ, ಕುತ್ತಿಗಿಗೆ ಹಗ್ಗ. ಬಂದರದಾಗ ಇಳಿಯೂದs ತಡ, ಬೇಡಿ ಹಾಕ್ತಾರ.”

“ಅಂವ ನಮ್ಮ ದೇಶಕ್ಕೇನ ಮಾಡ್ಯಾನೋ ಮುರಿಗೆಪ್ಪಾ?” ಎಂದಳು ಹಾಲವ್ವ.

“ಕಾನೂನು ಏನ ಮಾಡೀ ಅಂತ ಕೇಳಂಗಿಲ್ಲ. ಯಾರ ಕಡಿಂದ ಹಿಡದೀ ಅಂತ ಕೇಳ್ತದ,” ಎಂದು ಮುರಿಗೆಪ್ಪ ಕೈ ತೊಳೆಯಲು ಎದ್ದ.

ಹಾಲವ್ವ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ. ರಸ್ತೆ ದಾಟಿದರೆ ಎದುರಿನ ಫ್ಲ್ಯಾಟುಗಳಲ್ಲಿ ಗುರಲಿಂಗಪ್ಪ ಎಂಬ ನಿಜವಾದ ವಕೀಲರು ಇದ್ದರು. ಶೇಂಗಾ ಹಿಂಡಿಗೆ ತಪ್ಪದೆ ಬರುವವರು, ‘ಆರಾಮ ಅದೀಯೇನವ್ವಾ’ ಎಂದು ಕೇಳಿಯೇ ಹೋಗುವವರು. ಅವರನ್ನು ಒಂದು ಮಾತು ಕೇಳೋಣವೆಂದು ಆಕೆ ಎಷ್ಟು ಸಲ ಸೆರಗು ಹೊದ್ದು ಹೊರಟಳೋ. ಮೆಟ್ಟಿಲವರೆಗೆ ಹೋಗಿ ತಿರುಗಿ ಬರುವಳು. ವಕೀಲರನ್ನು ಕೇಳಿದರೆ ವಕೀಲರಿಗೆ ಗೊತ್ತಾಗುತ್ತದೆ, ವಕೀಲರಿಗೆ ಗೊತ್ತಾದರೆ ಸರ್ಕಾರಕ್ಕೆ ಗೊತ್ತಾದ ಹಾಗೆಯೇ ಎಂದು ಅವಳ ಲೆಕ್ಕ. ತಮ್ಮನನ್ನು ತಾನೇ ಹಿಡಿದುಕೊಟ್ಟ ಹಾಗಾದೀತು ಎಂದು ಅಂಜಿದಳು. ಫೋಟೊ ಇಳಿಸೋಣವೆಂದರೆ, ಇಳಿಸಿದ್ದು ಯಾಕೆಂದು ಕಸ್ತೂರಿ ಕೇಳಿಯಾಳು. ಅದೂ ಹಾಗೆಯೇ ಉಳಿಯಿತು.

ಒಂದು ಸಂಜೆ ದೀಪದ ಬೆಳಕು ಹೊರಗೆ ಬೀಳುತ್ತದೆಯೇ ಎಂದು ನೋಡುತ್ತ ಹವಾಲ್ದಾರನೊಬ್ಬ ಚಾಳಿಗೆ ಬಂದ. ಹಾಲವ್ವನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಕಂದೀಲಿನ ಮಂದ ಬೆಳಕಿನಲ್ಲಿ ಗೋಡೆಯ ಫೋಟೊ ಕಂಡಿತು.

“ಯೇ ಕೌನ್ ಹೈ? ಫೌಜಿ?” ಎಂದು ಕೇಳಿದ. ಪಾಪ, ಸುಮ್ಮನೆ ಕೇಳಿದ್ದು.

ಹಾಲವ್ವನ ಕಣ್ಣ ಮುಂದೆ ಹಡಗಿನ ಬಂದರು, ಬೇಡಿ, ಹಗ್ಗ ಸುಳಿದವು. ಏನು ಹೇಳಿದರೆ ಇವನು ಮುಂದೆ ಕೇಳದೆ ಹೋಗುತ್ತಾನೆ? ಸತ್ತವನನ್ನು ಯಾವ ಪೋಲೀಸನೂ ಹುಡುಕುವುದಿಲ್ಲ. ಬಾಯಿ ತಾನಾಗಿ ಆಡಿಬಿಟ್ಟಿತು.

“ಮೇರಾ ಭಾಯಿ, ಸಾಹೇಬ. ಮರ್ ಗಯಾ.”

ಈ ಯುದ್ಧದಲ್ಲಿ ಸತ್ತವನೆಂದು ತಿಳಿದು ಹವಾಲ್ದಾರ ತಲೆಯ ಟೋಪಿ ತೆಗೆದ. “ಶಹೀದ್,” ಎಂದು ಮೆಲ್ಲಗೆ ಹೇಳಿ, “ಮಾಫ್ ಕರಾ ಮಾವಶಿ,” ಎಂದು ಕೈ ಮುಗಿದು ಹೋದ. ಹಾಲವ್ವ ಉಸಿರು ಬಿಟ್ಟು ಹಿಂದೆ ತಿರುಗಿದಳು. ಒಲೆಯ ಹತ್ತಿರ ಕಸ್ತೂರಿ ನಿಂತಿದ್ದಳು. ಆಕೆಯ ಕೈಯ ಹಿಟ್ಟು ನೆಲಕ್ಕೆ ಬಿದ್ದಿತ್ತು.

“ಯಾವಾಗ ಸುದ್ದಿ ಬಂತs ಯಕ್ಕಾ? ನನಗ್ಯಾಕ ಹೇಳಲಿಲ್ಲ?” ಎಂದಳು. ಮುಂದಿನದು ಮಾತಾಗಿರಲಿಲ್ಲ. ಆ ಕೂಗಿಗೆ ಇಡೀ ಚಾಳು ಕತ್ತಲೆಯಲ್ಲಿ ತಡವರಿಸಿಕೊಂಡು ಓಡಿ ಬಂತು.

ಹಾಲವ್ವ ಅಲ್ಲಿಯೇ ಹೇಳಬಹುದಿತ್ತು. ಒಂದು ಕ್ಷಣ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ತಾಯಿಯ ನೆನಪು ಬಂತು, ಕಾಗೆಯ ನೆನಪು ಬಂತು. ಇದು ಕಾಶವ್ವನೇ ಮೇಲಿನಿಂದ ಹೇಳಿಸಿದ ಮಾತು ಎನಿಸಿತು. ಆಗ ಕಾಗೆಯ ರೂಪದಲ್ಲಿ ಬಂದ ಸಾವು ಈಗ ಕಾನೂನಿನ ರೂಪದಲ್ಲಿ ಬಂದಿದೆ. ನಿಜವಾದ ಕಣ್ಣೀರು ಬಿದ್ದರೆ ಹೋಗುತ್ತದೆ. ಕಸ್ತೂರಿಯ ಕಣ್ಣೀರಿಗಿಂತ ನಿಜವಾದದ್ದು ಯಾವುದಿದೆ? ಇವತ್ತೊಂದು ದಿನ ಅಳಲಿ, ನಾಳೆ ನಾನೇ ಕಿವಿಯಲ್ಲಿ ಹೇಳುತ್ತೇನೆ. ಹೀಗೆ ಎಣಿಸಿ ಆಕೆ ತುಟಿ ಕಚ್ಚಿ ನಿಂತಳು. ತಾನೂ ಅತ್ತಳು, ಅಳು ಬಾರದೆ ಏನು? ಮೇಲಿನ ಮಾಳಿಗೆಯ ರುಕ್ಮಿಣಿಬಾಯಿ ಹಿರಿಯ ಮುತ್ತೈದೆ, ಎಲ್ಲರ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮುಂದೆ ನಿಲ್ಲುವವಳು. ಆಕೆ ಬಂದು ಕಸ್ತೂರಿಯ ಕೈ ಹಿಡಿದು ಹೊಸ್ತಿಲಿಗೆ ತಟ್ಟಿದಳು. ಬಳೆ ಒಡೆದವು. ಹಾಲವ್ವ ‘ಬ್ಯಾಡ’ ಎಂದು ಮುಂದೆ ಬಂದದ್ದನ್ನು ಜನ ದುಃಖವೆಂದು ತಿಳಿದು ಹಿಡಿದುಕೊಂಡರು.

ಮುರಿಗೆಪ್ಪ ಮರುದಿನ ಫೋಟೊಕ್ಕೆ ಗಂಧದ ಹಾರ ತಂದು ಹಾಕಿದ. “ಒಂದು ಲೆಕ್ಕಕ್ಕ ಚಲೋ ಆತು ಬಿಡು ಹಾಲಕ್ಕಾ. ಮರ್ಯಾದಿಲೆ ಹೋದ,” ಎಂದು ಕಿವಿಯಲ್ಲಿ ಸಮಾಧಾನ ಹೇಳಿದ. ಆ ಮಾತು ಕೇಳಿದ ಮೇಲೆ ನಾಳೆಯ ಮಾತು ನಾಡಿದ್ದಿಗೆ ಹೋಯಿತು. ಯುದ್ಧ ಮುಗಿಯಲಿ ಎಂದುಕೊಂಡಳು. ಯುದ್ಧ ಬೇಗನೆ ಮುಗಿಯಿತು, ಬೀದಿಯಲ್ಲಿ ಪೇಢೆ ಹಂಚಿದರು. ಆದರೆ ಅಷ್ಟರಲ್ಲಿ ಕಸ್ತೂರಿಯ ತಂದೆ ಊರಿಂದ ಬಂದು ಮಗಳನ್ನು ಕರೆದುಕೊಂಡು ಹೋಗಿದ್ದ. ಹೋಗುವಾಗ ಆ ಹುಡುಗಿ ಅತ್ತಿರಲಿಲ್ಲ. ಗೋಡೆಯ ಫೋಟೊ ಒಂದು ಸಲ ನೋಡಿ, ಹಾಲವ್ವನ ಕಾಲಿಗೆ ಬಿದ್ದು ಹೋಗಿದ್ದಳು.

ಜನವರಿಯಲ್ಲಿ ಯಾಕೂಬನ ಹಡಗು ಬಂತು. ಅವನು ಚಾಳಿನ ಮೂಲೆ ತಿರುಗುವುದರೊಳಗೆ ಹಾಲವ್ವ ಹಿಡಿದು ಪಕ್ಕಕ್ಕೆ ಎಳೆದಳು. ನಡೆದದ್ದನ್ನೆಲ್ಲ ಹೇಳಿ, “ಬಂಡೂಗ ಬರಬ್ಯಾಡ ಅನ್ನು. ಪೋಲೀಸರು ಕಾದಾರ ಅನ್ನು. ಮಾತೂ ಕಳಸಬ್ಯಾಡ ಅನ್ನು,” ಎಂದಳು.

ಯಾಕೂಬ ವಿಜಾಪುರದವನು. ಕಾಗೆಯ ರೀತಿ ಅವನಿಗೂ ಗೊತ್ತು. “ತೋಬಾ ತೋಬಾ! ಅಕ್ಕಾ, ಎರಡನೇ ಆಳು ಎಲ್ಲಿ? ಹೇಳು, ನಾನs ಆಗ್ತೀನಿ. ಇವತ್ತs ಗಾಡಿ ಹತ್ತಿ ಕಸ್ತೂರಿ ತವರಮನಿಗೆ ಹೋಗಿ ಹೇಳಿ ಬರ್ತೀನಿ,” ಎಂದ.

“ಆಕಿ ಮುಖ ನಿನಗ ಗೊತ್ತಿಲ್ಲೇನೋ? ಒಂದ ದಿನದಾಗ ಇಡೀ ಊರು ತಿಳೀತದ. ಊರು ತಿಳದ್ರ ಮುಂಬಯಿ ತಿಳೀತದ. ಬ್ಯಾಡ. ಬಂಡೂಗೂ ಆಕಿ ಬಳಿ ಒಡದದ್ದು ಹೇಳಬ್ಯಾಡ, ಕೇಳಿದ್ರ ಓಡಿ ಬರ್ತಾನ. ನಿನ್ನ ತಾಯಿ ಆಣಿ,” ಎಂದಳು ಹಾಲವ್ವ. ಯಾಕೂಬನಿಗೆ ಅದು ಸರಿಕಾಣಲಿಲ್ಲ. ಆದರೆ ಫಾಶಿ ಎಂದರೆ ಅವನಿಗೂ ಭಯ. ತಾಯಿಯ ಆಣೆ ಬೇರೆ. ಅವನು ಆ ದಿನ ಊಟ ಮಾಡದೆ ಹೋದ.

ಹಾಲವ್ವ ಕಾಯತೊಡಗಿದಳು. ಏನನ್ನು ಕಾಯುತ್ತಿದ್ದಳು ಎಂದು ಕೇಳಿದರೆ ಆಕೆಗೂ ಹೇಳಲು ಬರುತ್ತಿರಲಿಲ್ಲ. ಸರ್ಕಾರ ಮರೆಯಲಿ ಎಂದೇ? ಸರ್ಕಾರಕ್ಕೆ ಬಂಡೆಪ್ಪನ ಹೆಸರೇ ಗೊತ್ತಿರಲಿಲ್ಲ. ಕಸ್ತೂರಿ ತವರಿನಲ್ಲಿದ್ದಾಳೆ, ಉಂಡುಟ್ಟು ಇದ್ದಾಳೆ, ಕಾಲ ಬಂದಾಗ ಹೇಳಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ರೊಟ್ಟಿ ಬಡಿದಳು. ಬಳೆಯಿಲ್ಲದ ಕೈಯಿಂದ ರೊಟ್ಟಿ ಬಡಿದರೆ ಸದ್ದು ಬೇರೆ. ಆ ಸದ್ದು ತನ್ನದೇ ಆದರೂ ಆಕೆಗೆ ಸಹಿಸಲಾಗದಾಯಿತು.

ಎಪ್ಪತ್ತಮೂರರಲ್ಲಿ ಊರಿನಿಂದ ಬಂದ ಒಬ್ಬ ಗೌಂಡಿ ಉಣ್ಣುತ್ತ ಉಣ್ಣುತ್ತ ಹೇಳಿದ. ಕಸ್ತೂರಿಗೆ ಉಡಿಕೆ ಆಯಿತಂತೆ. ಉಡಿಕೆಗೆ ಹಂದರವಿಲ್ಲ, ಬಾಜಾ ಇಲ್ಲ. ಗಂಡ ಸತ್ತವಳಿಗೆ ಸೀರೆ ಉಡಿಸಿ, ಬಳೆ ಇಡಿಸಿ, ನಾಲ್ಕು ಜನರ ಮುಂದೆ ಇನ್ನೊಬ್ಬನ ಮನೆ ತುಂಬಿಸುತ್ತಾರೆ. ಗಂಡನೂ ಹೆಂಡತಿ ಸತ್ತವನು, ನಿಂಗಣ್ಣ ಎಂಬ ಗೌಂಡಿ, ಗೋರೆಗಾಂವ್‌ನಲ್ಲಿ ಹೊಸ ಕಾಲೊನಿ ಕಟ್ಟುವ ಕೆಲಸದಲ್ಲಿದ್ದಾನೆ. “ಪಾಪ, ಚಲೋ ಮನುಷ್ಯಾ. ಆಕಿನ್ನ ಮುಂಬಯಿಗೇ ಕರಕೊಂಡ ಬಂದಾನ,” ಎಂದ. ಹಾಲವ್ವ ಅವನ ತಟ್ಟೆಗೆ ಪಲ್ಯ ಹಾಕುತ್ತಿದ್ದಳು. ಹಾಕುತ್ತಲೇ ಇದ್ದಳು, ಅವನು ಕೈ ಅಡ್ಡ ಹಿಡಿಯುವವರೆಗೂ.

ಮರುವರ್ಷ ಮಳೆಗಾಲಕ್ಕೆ ಮುಂಚೆ, ಉಣ್ಣುವವರೆಲ್ಲ ಕೆಲಸಕ್ಕೆ ಹೋಗಿದ್ದ ಮಧ್ಯಾಹ್ನ, ಗಡ್ಡ ಬಿಟ್ಟ ಒಬ್ಬ ಬಡಕಲು ಮನುಷ್ಯ ಬಾಗಿಲಲ್ಲಿ ನಿಂತ. ಹಾಲವ್ವ, “ಊಟ ಮುಗದೈತ್ರಿ,” ಎಂದಳು. ಆ ಮನುಷ್ಯ ಗೋಡೆಯ ಫೋಟೊ ನೋಡಿದ, ಅದರ ಮೇಲಿನ ಧೂಳು ಹಿಡಿದ ಗಂಧದ ಹಾರ ನೋಡಿದ, ನಕ್ಕ.

“ಯಾಕಕ್ಕಾ, ಮತ್ತ ಕಾಗಿ ಮುಟ್ಟಿತ್ತೇನು?”

ಹಾಲವ್ವ ಓಡಿ ಹೋಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಒಳಗೆ ಎಳೆದು ಬಾಗಿಲು ಹಾಕಿದಳು. “ಯಾರು ನೋಡಿದ್ರು? ಬಂದರದಾಗ ಏನ ಕೇಳಿದ್ರು? ಯಾಕ ಬಂದ್ಯೋ ನನ್ನಪ್ಪಾ?”

“ಎಷ್ಟ ದಿನ ಅಂಜಿ ಅಲ್ಲೇ ಕೂಡಲಿ ಅಕ್ಕಾ? ಏನ ಕೇಳ್ತಾರ? ‘ಆ ಕಡೆ ಬಿಸಲು ಬಾಳ ಅಂತಲ್ಲ’ ಅಂತ ಕೇಳಿದ್ರು. ಹೌದ್ರಿ ಅಂದೆ. ಬಿಟ್ರು,” ಎಂದ ಬಂಡೆಪ್ಪ. ಅತ್ತಿತ್ತ ನೋಡಿದ. “ಕಸ್ತೂರಿ ಎಲ್ಲೆ?”

ಹಾಲವ್ವ ಹೇಳಿದಳು. ಹವಾಲ್ದಾರ, ಟೋಪಿ, ಬಳೆ, ಉಡಿಕೆ. ಎಲ್ಲ ಮುಗಿದ ಮೇಲೆ ಬಂಡೆಪ್ಪ ಒಂದೇ ಕೇಳಿದ.

“ಎರಡನೇ ಆಳು ಕಳಸಲಿಲ್ಲೇನಕ್ಕಾ?”

ಹಾಲವ್ವ ಎದ್ದು ಕಿಟಕಿಯನ್ನೂ ಹಾಕಿದಳು.

ಆದರೂ ಆಕೆಯ ಭಯ ಹೋಗಿರಲಿಲ್ಲ. ಇಷ್ಟೆಲ್ಲ ಕಳೆದುಕೊಂಡದ್ದು ಯಾವುದರ ಸಲುವಾಗಿಯೋ ಅದಾದರೂ ನಿಜವಿರಬೇಕೆಂದು ಮನಸ್ಸು ಬೇಡುತ್ತಿತ್ತೋ ಏನೋ. ತಮ್ಮನನ್ನು ಕರೆದುಕೊಂಡು, ಯಾವ ಮೆಟ್ಟಿಲಿನಿಂದ ಅಷ್ಟು ಸಲ ಹಿಂದಿರುಗಿದ್ದಳೋ ಆ ಮೆಟ್ಟಿಲು ಹತ್ತಿದಳು. ಗುರಲಿಂಗಪ್ಪ ವಕೀಲರು ಕನ್ನಡಕ ಏರಿಸಿ ಪೂರ್ತಿ ಕೇಳಿದರು.

“ಹೊಡದಾಡೀಯೇನಪಾ ನೀನು?”

“ಹೌದ್ರಿ. ಮೊದಲ ಲಾರಿ ಹೊಡೀತಿದ್ದೆ. ಒಂದ ದಿನ ಗುಡ್ಡದ ಮ್ಯಾಲಿಂದ ಗುಂಡು ಬಂದ್ವು. ಕೈಯಾಗ ಬಂದೂಕ ಕೊಟ್ರು. ಆಮ್ಯಾಲ ಅದನ್ನ ತಿರುಗಿ ಇಸಕೊಳ್ಳಲೇ ಇಲ್ರಿ. ಹಾರಿಸೀನಿ. ಆ ಕಡೆ ಯಾರು ಬಿದ್ರು ಅಂತ ನೋಡಾಕ ಹೋಗಿಲ್ಲ.”

“ಆ ಸುಲ್ತಾನ ನಮ್ಮ ದೇಶದ ಕೂಡ ಎಂದಾದ್ರೂ ಜಗಳಾಡ್ಯಾನೇನು?”

“ಇಲ್ರಿ. ನಮ್ಮ ಸರ್ಕಾರದ್ದೂ ಅವರದ್ದೂ ಚಲೋ ಐತಿ.”

ವಕೀಲರು ಕುರ್ಚಿಗೆ ಒರಗಿದರು. “ಹಂಗಾದ್ರ ನಿನ್ನ ಮ್ಯಾಲ ಯಾವ ಕೇಸೂ ಇಲ್ಲ. ನಮ್ಮ ಸರ್ಕಾರದ ಮ್ಯಾಲ ಯುದ್ಧ ಮಾಡಿದ್ರ ದ್ರೋಹ. ಏಷ್ಯಾದಾಗ ನಮ್ಮ ಕೂಡ ಸ್ನೇಹದಿಂದ ಇರೋ ಸರ್ಕಾರದ ವಿರುದ್ಧ ಯುದ್ಧ ಮಾಡಿದ್ರ, ಅದಕ್ಕೂ ಕಾನೂನಿನ್ಯಾಗ ಒಂದು ಕಲಂ ಐತಿ. ನೀನು ಆ ಸುಲ್ತಾನನ ಕಡಿಂದs ಹೊಡದಾಡೀಯಲ್ಲ! ಮ್ಯಾಲ ಆ ದೇಶದ ಪ್ರಜೆ ಆಗಿಲ್ಲ. ನೀ ಹೋದಾಗೂ ಈ ದೇಶದ ಮನುಷ್ಯಾ, ಈಗೂ ಈ ದೇಶದ ಮನುಷ್ಯಾ. ಯಾರವ್ವಾ ನಿನಗ ಫಾಶಿ ಅಂತ ಹೇಳಿದಾಂವ?”

ಹಾಲವ್ವ ಮುರಿಗೆಪ್ಪನ ಹೆಸರು ಹೇಳಲಿಲ್ಲ. “ಹಿಂಗಂತ ಅಂತಾರ್ರಿ ಮಂದಿ,” ಎಂದಳು.

“ನನ್ನ ಒಂದ ಮಾತು ಕೇಳಬಾರದಾಗಿತ್ತೇ? ದಿನಾ ನಿನ್ನ ಬಾಗಲ ಮುಂದ ಹಾದು ಹೋಗ್ತೀನಿ,” ಎಂದರು ವಕೀಲರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಮರುದಿನ ಅಕ್ಕ ತಮ್ಮ ದಾದರ್‌ಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಗೋರೆಗಾಂವ್‌ನಲ್ಲಿ ಇಳಿದರು. ಅರ್ಧ ಎದ್ದ ಕಟ್ಟಡಗಳ ಬದಿಗೆ ಕೂಲಿಗಳ ತಗಡಿನ ಮನೆಗಳು. ರಸ್ತೆಯ ಈ ಕಡೆ ಉಸುಕಿನ ಗುಡ್ಡೆ, ಆ ಕಡೆ ನಲ್ಲಿ. ನಲ್ಲಿಯ ಮುಂದೆ ಕಸ್ತೂರಿ ಕೊಡ ಹಚ್ಚಿ ನಿಂತಿದ್ದಳು. ಬಗಲಲ್ಲಿ ಕೂಸು. ಕೂಸು ಆಕೆಯ ಹಸಿರು ಬಳೆ ಹಿಡಿದು ಎಳೆಯುತ್ತಿತ್ತು, ಆಕೆ ನಗುತ್ತ ಬಿಡಿಸಿಕೊಳ್ಳುತ್ತಿದ್ದಳು. ಹಾಲವ್ವ ಸೆರಗು ಬಿಗಿದಳು.

“ನೀ ಇಲ್ಲೇ ನಿಲ್ಲು. ನಾ ಹೋಗಿ ಹೇಳ್ತೀನಿ. ಎರಡನೇ ಆಳು ನಾನs ಆಗ್ತೀನಿ,” ಎಂದು ರಸ್ತೆಗೆ ಕಾಲಿಟ್ಟಳು.

ಬಂಡೆಪ್ಪ ಹಿಂದಿನಿಂದ ಆಕೆಯ ಸೆರಗು ಹಿಡಿದ, ಸಣ್ಣವನಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ. “ಬ್ಯಾಡಕ್ಕಾ. ಎರಡನೇ ಆಳು ಹೊತ್ತಿಗೆ ಬಂದ್ರ ದೇವರು. ಹೊತ್ತು ಮೀರಿ ಬಂದ್ರ ಅಂವನs ಯಮ. ಆಕಿ ಒಮ್ಮೆ ಬಳಿ ಒಡಕೊಂಡಾಳ. ಈಗ ನಾ ಬದುಕೀನಿ ಅಂದ್ರ ಆ ಬಳಿ ಯಾರವು, ಈ ಬಳಿ ಯಾರವು? ಆ ಕೂಸು ಯಾರದು? ನಾ ಸತ್ತಾಂವ ಸತ್ತಂಗs ಇರ್ತೀನಿ.”

ಕೊಡ ತುಂಬಿತು. ಕಸ್ತೂರಿ ಅದನ್ನು ಎತ್ತಿಕೊಂಡು ತಿರುಗಿ ನೋಡದೆ ಮನೆಯೊಳಗೆ ಹೋದಳು. ಬಂಡೆಪ್ಪ ಆ ತಗಡಿನ ಬಾಗಿಲನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ. ಹಿಂದಿರುಗುವಾಗ ಗಾಡಿಯಲ್ಲಿ ಅವನು ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಹಾಲವ್ವನ ಜೀವ ಹಗುರಾಗುತ್ತಿತ್ತು. ಆಕೆಯ ಬೆನ್ನ ಮೇಲೆ ಕೈಯಾಡಿಸುತ್ತ, “ನನ್ನ ಉಳಸಾಕ ಮಾಡೀದಿ, ನನಗ ಗೊತ್ತೈತಿ,” ಎಂದ.

ಕಸ್ತೂರಿಯ ಕಿವಿಗೆ ಮಾತು ಬೀಳಬಾರದೆಂದು ಅವನು ಚಾಳಿನಲ್ಲಿ ಉಳಿಯಲಿಲ್ಲ. ಸಾಂತಾಕ್ರೂಜ್‌ನಲ್ಲಿದ್ದ ಯಾಕೂಬನ ಖೋಲಿಯಲ್ಲಿ ಇದ್ದು, ಹಡಗು ಬಂದಾಗ ಹೊರಟುಹೋದ. ಫೌಜು ಬಿಟ್ಟು ಮತ್ತೆ ಬರೀ ಲಾರಿ ಹಿಡಿದನಂತೆ. ಖಾನಾವಳಿಯ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಹಾಗೆಯೇ ಉಳಿಯಿತು. ಮುರಿಗೆಪ್ಪನೂ ಮೊದಲಿನ ಹಾಗೆ ಬಂದು ಉಂಡು, ಅದೇ ಬಾಯಿಯಿಂದ ಕಾನೂನು ಹೇಳಿ ಹೋಗುತ್ತಿದ್ದ. ಹಾಲವ್ವ ಅವನನ್ನು ಒಂದು ಮಾತು ಅನ್ನಲಾರದಾದಳು. ಅನ್ನಬೇಕೆಂದರೆ ತಮ್ಮ ಬದುಕಿದ್ದಾನೆಂದು ಹೇಳಬೇಕಲ್ಲ. ತಮ್ಮನಿಗೆ ಆಕೆ ಮಾಡಬಹುದಾಗಿದ್ದ ಉಪಕಾರ ಅದೊಂದೇ ಉಳಿದಿತ್ತು, ಅವನನ್ನು ಸತ್ತವನೆಂದು ಹೇಳಿಕೊಂಡು ಇರುವುದು.

ಯಾಕೂಬ ಮತ್ತೆ ಮಾತು ತರತೊಡಗಿದ. ‘ಚಲೋ ಅದಾನ, ಸ್ವಲ್ಪ ಮೈ ಹಿಡದಾನ’ ಎಂದು ರೊಟ್ಟಿ ಬಡಿಯುವವಳ ಹತ್ತಿರ ಕೂತು ಪಿಸುಗುಡುವನು. ಆ ಪಿಸುಮಾತಿನಲ್ಲಿ ಹಾಲವ್ವನ ದಿನಗಳು ಸಾಗಿದವು.

ಎಪ್ಪತ್ತೇಳರ ಶ್ರಾವಣದಲ್ಲಿ ಒಂದು ಸಂಜೆ ಯಾಕೂಬ ಬಂದ. ತಟ್ಟೆ ಇಟ್ಟರೆ ಕೈ ಹಚ್ಚಲಿಲ್ಲ. ಗುಡ್ಡದ ದಾರಿಯಲ್ಲಿ ಬಂಡೆಪ್ಪನ ಲಾರಿ ಉರುಳಿತು. ಯುದ್ಧವೂ ಇಲ್ಲ, ಗುಂಡೂ ಇಲ್ಲ, ಸುಮ್ಮನೆ ಉರುಳಿತು. ಅಲ್ಲಿಯೇ ಮಣ್ಣು ಮಾಡಿದರು. ಇಷ್ಟನ್ನು ಅವನು ಹೇಳಿ ಮುಗಿಸುವಷ್ಟರಲ್ಲಿ ಗಡ್ಡವೆಲ್ಲ ಒದ್ದೆಯಾಗಿತ್ತು.

ಹಾಲವ್ವ ಅವನ ಮುಖವನ್ನೇ ನೋಡಿದಳು. “ಕಾಗಿ ಮುಟ್ಟಿತ್ತೇನೋ ಯಾಕೂಬಾ?” ಎಂದು ಮೆಲ್ಲಗೆ ಕೇಳಿದಳು.

“ಇಲ್ಲಕ್ಕಾ,” ಎಂದ ಯಾಕೂಬ. “ಕಸಮ್ ಖುದಾ ಕಿ, ನಾನs ಮಣ್ಣ ಹಾಕಿ ಬಂದೀನಿ.”

“ಹಂಗs ಹೇಳಬೇಕಪಾ ಮೊದಲನೇ ಆಳು. ಇಲ್ಲಾಂದ್ರ ಅಳು ನಿಜ ಬರೂದಿಲ್ಲ,” ಎಂದಳು ಹಾಲವ್ವ.

ಚಾಳಿನಲ್ಲಿ ದೀಪ ಹತ್ತಿದ್ದವು. ಉಣ್ಣುವವರು ಒಬ್ಬೊಬ್ಬರೇ ಬರುತ್ತಿದ್ದರು. ಬಾಯಿ ತೆರೆದು ಅಳಬೇಕೆಂದರೆ ಯಾರು ಸತ್ತರೆಂದು ಅಳಬೇಕು? ಫೋಟೊಕ್ಕೆ ಹಾರ ಬಿದ್ದು ವರ್ಷಗಳೇ ಆಗಿದ್ದವು. ರುಕ್ಮಿಣಿಬಾಯಿ ಅತ್ತಾಗಿತ್ತು, ಕಸ್ತೂರಿ ಅತ್ತಾಗಿತ್ತು. ಅವನ ಪಾಲಿನ ಕಣ್ಣೀರನ್ನೆಲ್ಲ ಹಾಲವ್ವ ಅಂದೇ ಖರ್ಚು ಮಾಡಿಸಿಬಿಟ್ಟಿದ್ದಳು. ಆಕೆ ಎದ್ದು ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು, ಬಂದವರಿಗೆಲ್ಲ ಬಡಿಸಿದಳು. ರೊಟ್ಟಿ ಇಂದು ಉಪ್ಪಾಗಿದೆ ಎಂದು ಯಾರೋ ಅಂದರು.

ಎಲ್ಲರೂ ಉಂಡು ಎದ್ದರು. ಮಳೆಯ ಎರಚಲು ಒಳಗೆ ಬರುತ್ತಿತ್ತು. ಕೊನೆಗೆ ಹೊರಟ ಮುರಿಗೆಪ್ಪ ಬಾಗಿಲು ಎಳೆಯಹೋದ.

“ಹಾಕಬ್ಯಾಡೋ,” ಎಂದಳು ಹಾಲವ್ವ. “ಹಿಂದಿಂದ ಇನ್ನೊಬ್ಬರು ಬರೋರದಾರ.”